ಉದ್ಯಾನದ ನಿರ್ವಹಣೆ: ನಿವಾಸಿಗಳನ್ನು ಯಾವಾಗ ಕೇಳಬೇಕು, ಏನನ್ನು ಕೇಳಬೇಕು?

ಪ್ರಶ್ನೆ: ನಾನು ಸ್ಥಳೀಯ ಸಂಸ್ಥೆಯೊಂದರ ಉದ್ಯಾನ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ಒಂದು ಉದ್ಯಾನದ ನಿರ್ವಹಣೆಯ ಬಗ್ಗೆ ಸುತ್ತಮುತ್ತಲಿನವರ ಅಭಿಪ್ರಾಯ ತಿಳಿಯಲೆಂದು ಎರಡು ಬಾರಿ ಸಭೆ ಕರೆದೆವು. ಬಂದವರು ಕೆಲವೇ ಮಂದಿ, ಎರಡು ಸಲವೂ ಬಹುತೇಕ ಅವರೇ. ಸಭೆಯ ಸಮಯವೆಲ್ಲ ದೂರುಗಳನ್ನು ಕೇಳುವುದರಲ್ಲೇ ಕಳೆಯಿತು. ಆಮೇಲೆ ಒಂದು ಬದಿಯ ಪೊದೆಗಳನ್ನು ತೆಗೆಸಿದಾಗ ಸಭೆಗೆ ಬಾರದಿದ್ದ ಅನೇಕರು 'ನಮ್ಮನ್ನು ಕೇಳಿದವರು ಯಾರು' ಎಂದು ಪ್ರತಿಭಟಿಸಿದರು. ಜನರನ್ನು ತೀರ್ಮಾನಗಳಲ್ಲಿ ನಿಜವಾಗಿ ತೊಡಗಿಸಿಕೊಳ್ಳುವುದು ಹೇಗೆ? ಅಥವಾ ಇಂಥ ತಾಂತ್ರಿಕ ಕೆಲಸವನ್ನು ಬಲ್ಲವರಿಗೇ ಬಿಟ್ಟುಬಿಡುವುದು ಒಳ್ಳೆಯದೇ?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಯನ್ನೇ ಮೊದಲು ಎತ್ತಿಕೊಳ್ಳುತ್ತೇನೆ, ಏಕೆಂದರೆ ಮಿಕ್ಕಿದ್ದೆಲ್ಲ ಅದರ ಉತ್ತರವನ್ನು ಅವಲಂಬಿಸಿದೆ. ನಿರ್ವಹಣೆಯಲ್ಲಿ ತಾಂತ್ರಿಕ ತಿಳಿವಳಿಕೆ ಬೇಡುವ ಭಾಗ ಖಂಡಿತ ಇದೆ. ಹುಲ್ಲನ್ನು ಒಂದೇ ಸಲಕ್ಕೆ ಅದರ ಎತ್ತರದ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಕತ್ತರಿಸಿದರೆ ಬೇರು ಸೊರಗುತ್ತದೆ ಎಂಬುದು ಸಸ್ಯದ ಸ್ವಭಾವಕ್ಕೆ ಸಂಬಂಧಿಸಿದ ಮಾತು. ಅದನ್ನು ಮತಕ್ಕೆ ಹಾಕಲಾಗದು. ಆದರೆ ಆ ಹುಲ್ಲು ಮಕ್ಕಳು ಓಡಾಡಲು ಅನುಕೂಲವಾಗುವಂತೆ ಗಿಡ್ಡವಾಗಿರಬೇಕೋ, ಚಿಟ್ಟೆ ಮತ್ತು ಜೇನ್ನೊಣಗಳಿಗಾಗಿ ಒಂದು ಮೂಲೆಯಲ್ಲಿ ಎತ್ತರಕ್ಕೆ ಬೆಳೆಯಬೇಕೋ ಎಂಬುದು ಆಯ್ಕೆಯ ಮಾತು. ದೀಪಗಳನ್ನು ರಾತ್ರಿ ಎಷ್ಟು ಹೊತ್ತಿನವರೆಗೆ ಉರಿಸಬೇಕು, ಗೇಟು ಯಾವಾಗ ತೆರೆಯಬೇಕು, ನೀರು ಕಡಿಮೆಯಾದಾಗ ಹೂವಿನ ಮಡಿಗಳನ್ನು ಉಳಿಸಬೇಕೋ ಹೊಸದಾಗಿ ನೆಟ್ಟ ಸಸಿಗಳನ್ನೋ, ಇರುವ ಹಣದಲ್ಲಿ ಮೊದಲು ಶೌಚಾಲಯವನ್ನು ದುರಸ್ತಿ ಮಾಡಬೇಕೋ ಕಾರಂಜಿಯನ್ನೋ, ಇವೆಲ್ಲವೂ ಅಂಥವೇ. ಇವನ್ನು ತಾಂತ್ರಿಕ ಎಂದು ಕರೆದು ಕಚೇರಿಯೊಳಗೆ ಇಟ್ಟುಕೊಂಡರೂ ಆಯ್ಕೆ ನಡೆದೇ ತೀರುತ್ತದೆ, ಯಂತ್ರ ಓಡಿಸುವವರ ಅನುಕೂಲಕ್ಕೋ ಲೆಕ್ಕ ಬರೆಯುವವರ ಅನುಕೂಲಕ್ಕೋ ತಕ್ಕಂತೆ. ಆದ್ದರಿಂದ ಬಲ್ಲವರಿಗೇ ಬಿಡಬೇಕೇ ಎಂಬ ಪ್ರಶ್ನೆಗೆ ನನ್ನ ಉತ್ತರ: ಹೇಗೆ ಮಾಡಬೇಕು ಎಂಬುದನ್ನು ಹೆಚ್ಚಾಗಿ ಬಲ್ಲವರಿಗೆ ಬಿಡಿ, ಏನು ಮಾಡಬೇಕು, ಯಾರಿಗಾಗಿ, ಯಾವುದು ಮೊದಲು ಎಂಬುದನ್ನು ಉದ್ಯಾನ ಬಳಸುವವರ ಜೊತೆ ಕುಳಿತು ನಿರ್ಧರಿಸಿ.

ಇನ್ನು ನಿಮ್ಮ ಸಭೆಗಳ ವಿಷಯ. ನೀವು ಬರೆದಿರುವುದನ್ನು ನೋಡಿದರೆ, ಸಭೆ ಕರೆಯುವ ಹೊತ್ತಿಗೆ ಮುಖ್ಯ ತೀರ್ಮಾನಗಳು ಆಗಲೇ ಬೇರೆಲ್ಲೋ ಆಗಿಹೋಗಿದ್ದವೇನೋ ಎಂದು ನನಗೆ ಅನುಮಾನ. ವಾರಕ್ಕೆ ಎಷ್ಟು ಸಲ ಕಸ ತೆಗೆಯಬೇಕು, ಪೊದೆಗಳನ್ನು ಯಾವ ಎತ್ತರಕ್ಕೆ ಇಳಿಸಬೇಕು, ಎಷ್ಟು ಮಾಲಿಗಳು ಇರಬೇಕು ಎಂಬುದೆಲ್ಲ ಗುತ್ತಿಗೆಯ ಕರಾರಿನಲ್ಲಿ ಬರೆದಿರುತ್ತದೆ. ಆ ಕರಾರಿಗೆ ಸಹಿ ಬಿದ್ದ ಮೇಲೆ ಕರೆದ ಸಭೆಯಲ್ಲಿ ಜನರಿಗೆ ಮಾಡಲು ಉಳಿದಿರುವ ಕೆಲಸ ದೂರು ಹೇಳುವುದೊಂದೇ. ಹಾಗಾಗಿ ಸಭೆ ದೂರುಗಳಲ್ಲಿ ಕಳೆದುಹೋದುದಕ್ಕೆ ಬಂದವರ ಸ್ವಭಾವ ಕಾರಣವಲ್ಲ, ಸಭೆ ನಡೆದ ಸಮಯ ಕಾರಣ.

ಇದು ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ ಇಂಗ್ಲೆಂಡಿನ ಶೆಫೀಲ್ಡ್ ನಗರದ ಪ್ರಕರಣವನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಅದು ಉದ್ಯಾನಕ್ಕಲ್ಲ, ರಸ್ತೆಬದಿಯ ಮರಗಳಿಗೆ ಸಂಬಂಧಿಸಿದ್ದು. ಆದರೆ ಪಾಠ ಎರಡಕ್ಕೂ ಒಂದೇ. 2012ರಲ್ಲಿ ಅಲ್ಲಿನ ನಗರಾಡಳಿತ ರಸ್ತೆ ಮತ್ತು ರಸ್ತೆಬದಿಯ ಮರಗಳ ನಿರ್ವಹಣೆಯನ್ನು 25 ವರ್ಷಗಳ ಅವಧಿಗೆ ಖಾಸಗಿ ಕಂಪನಿಗೆ ವಹಿಸಿತು. ಆ ಕರಾರಿನಲ್ಲಿ 17,500 ಮರಗಳನ್ನು ತೆಗೆದು ಹೊಸ ಸಸಿ ನೆಡುವ ಪ್ರಸ್ತಾಪವಿತ್ತು. ಆರೋಗ್ಯವಾಗಿದ್ದ ದೊಡ್ಡ ಮರಗಳೂ ಉರುಳತೊಡಗಿದಾಗ ಜನ ಎಚ್ಚೆತ್ತರು. 2015ರಲ್ಲಿ ಆಡಳಿತವು ಬೀದಿಯ ಮನೆಗಳಿಗೆ ಪ್ರಶ್ನಾವಳಿ ಕಳಿಸಿತು, ಸ್ವತಂತ್ರ ಪರಿಣತರ ಸಮಿತಿಯೊಂದನ್ನೂ ರಚಿಸಿತು. ನೋಡುವವರಿಗೆ ಇದು ಜನರ ಮಾತು ಕೇಳುವ ಕ್ರಮದಂತೆಯೇ ಕಾಣುತ್ತಿತ್ತು. ಆದರೆ ಈ ಮರವನ್ನು ಉಳಿಸಬಹುದು ಎಂದು ಸಮಿತಿ ಹೇಳಿದ ಅನೇಕ ಕಡೆ ಆ ಸಲಹೆಯನ್ನು ಬದಿಗಿರಿಸಿ ಮರ ಕಡಿಯಲಾಯಿತು. ಜನ ಮರಗಳ ಬುಡದಲ್ಲಿ ನಿಂತು ತಡೆದರು, ಪೊಲೀಸರು ಬಂದರು, ನ್ಯಾಯಾಲಯದ ತಡೆಯಾಜ್ಞೆಗಳು ಬಂದವು. 2018ರ ಮಾರ್ಚ್‌ನಲ್ಲಿ ಕೆಲಸ ನಿಲ್ಲುವ ಹೊತ್ತಿಗೆ 5,000ಕ್ಕೂ ಹೆಚ್ಚು ಮರಗಳು ಹೋಗಿದ್ದವು. ಆನಂತರ ಎರಡೂ ಪಕ್ಷದವರು ಮರಗಳ ಬಳಿಗೆ ಒಟ್ಟಿಗೆ ಹೋಗಿ ಪರಿಶೀಲಿಸಿದಾಗ, ಕಡಿಯಲೇಬೇಕು ಎಂದಿದ್ದ ಹಲವು ಮರಗಳನ್ನು ಪಾದಚಾರಿ ಮಾರ್ಗದ ಸಣ್ಣ ಮಾರ್ಪಾಡುಗಳಿಂದಲೇ ಉಳಿಸಿಕೊಳ್ಳಬಹುದೆಂದು ಗೊತ್ತಾಯಿತು. ಮಾರ್ಕ್ ಲೋಕಾಕ್ ನೇತೃತ್ವದ ಸ್ವತಂತ್ರ ವಿಚಾರಣೆಯ ವರದಿ 2023ರಲ್ಲಿ ಪ್ರಕಟವಾಗಿ, ಆಡಳಿತದ ನಡೆಯನ್ನು ಕಟುವಾಗಿ ಟೀಕಿಸಿತು. ಕೇಳಿದಂತೆ ಮಾಡಿ ಕೇಳದಿರುವುದು, ಕೇಳದೇ ಇರುವುದಕ್ಕಿಂತ ಹೆಚ್ಚು ಸಿಟ್ಟನ್ನು ಹುಟ್ಟಿಸುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ನನಗೆ ಗೊತ್ತಿಲ್ಲ. ಜೊತೆಗೆ ಇನ್ನೊಂದು ಮಾತು: ಕರಾರಿಗೆ ಸಹಿ ಹಾಕುವ ಮುಂಚೆ ಕೇಳಬೇಕಾಗಿದ್ದನ್ನು ಮರದ ಬುಡಕ್ಕೆ ಗರಗಸ ಬಂದ ಮೇಲೆ ಕೇಳಿದರೆ ಉತ್ತರ ಏನೇ ಬಂದರೂ ಅದನ್ನು ಜಾರಿಗೆ ತರುವುದು ಕಷ್ಟ.

ಆದ್ದರಿಂದ ನೀವು ಮೊದಲು ಮಾಡಬೇಕಾದ ಕೆಲಸ ಸಭೆ ಕರೆಯುವುದಲ್ಲ, ನಿಮ್ಮ ಕಚೇರಿಯ ಕಡತಗಳನ್ನು ತೆರೆದು ಈ ಉದ್ಯಾನದ ಬಗೆಗಿನ ತೀರ್ಮಾನಗಳು ವರ್ಷದ ಯಾವ ಯಾವ ದಿನಗಳಂದು ಗಟ್ಟಿಯಾಗುತ್ತವೆ ಎಂಬುದನ್ನು ಬರೆದುಕೊಳ್ಳುವುದು. ನಿರ್ವಹಣಾ ಗುತ್ತಿಗೆ ಎಂದು ಮುಗಿಯುತ್ತದೆ, ಹೊಸ ಟೆಂಡರಿನ ಕರಡು ಯಾವಾಗ ಸಿದ್ಧವಾಗುತ್ತದೆ, ಮುಂದಿನ ವರ್ಷದ ಆಯವ್ಯಯಕ್ಕೆ ನಿಮ್ಮ ವಿಭಾಗ ಬೇಡಿಕೆ ಸಲ್ಲಿಸುವುದು ಯಾವ ತಿಂಗಳು, ಗಿಡ ನೆಡುವ ಮತ್ತು ರೆಂಬೆ ಸವರುವ ಕಾಲ ಯಾವುದು ಎಂಬ ನಾಲ್ಕೈದು ದಿನಾಂಕಗಳು ಸಿಕ್ಕರೆ, ನಿವಾಸಿಗಳನ್ನು ಎಂದು ಕೇಳಬೇಕೆಂಬುದು ತಾನಾಗಿಯೇ ತಿಳಿಯುತ್ತದೆ: ಪ್ರತಿಯೊಂದಕ್ಕೂ ಎರಡು ಮೂರು ತಿಂಗಳು ಮೊದಲು. ಬ್ರೆಜಿಲ್‌ನ ಪೋರ್ಟೊ ಅಲೆಗ್ರೆ ನಗರ 1989ರಲ್ಲಿ ಆಯವ್ಯಯವನ್ನು ಜನರೊಡನೆ ಕೂಡಿ ರೂಪಿಸುವ ಪದ್ಧತಿಯನ್ನು ಆರಂಭಿಸಿತು, ಆಮೇಲೆ ಅದು ಬೇರೆ ಬೇರೆ ದೇಶಗಳ ನಗರಗಳಿಗೂ ಹರಡಿತು. ಅದರ ಬಗ್ಗೆ ಮಾತನಾಡುವವರು ಸಾಮಾನ್ಯವಾಗಿ ಜನರ ಕೈಗೆ ಬಂದ ಹಣದ ಬಗ್ಗೆ ಹೇಳುತ್ತಾರೆ. ನನಗೆ ಅದಕ್ಕಿಂತ ಮುಖ್ಯವಾಗಿ ಕಾಣುವುದು ಅದರ ವಾರ್ಷಿಕ ಕ್ರಮ. ಯಾವ ಹಂತದ ಸಭೆ ವರ್ಷದ ಯಾವ ಕಾಲದಲ್ಲಿ ನಡೆಯುತ್ತದೆ, ಅಲ್ಲಿ ಆದ ತೀರ್ಮಾನ ಮುಂದೆ ಎಲ್ಲಿಗೆ ಹೋಗುತ್ತದೆ ಎಂಬುದು ಜನರಿಗೆ ಮುಂಚಿತವಾಗಿ ಗೊತ್ತಿರುತ್ತಿತ್ತು. ಉದ್ಯಾನದಂಥ ಸಣ್ಣ ವ್ಯವಸ್ಥೆಯಲ್ಲಿ ಇದನ್ನು ಮಾಡುವುದು ಇನ್ನೂ ಸುಲಭ.

ಎರಡನೆಯ ಕೆಲಸ, ಜನರ ಮುಂದೆ ಹೋಗುವಾಗ ಅವರ ಕೈಯಲ್ಲಿ ಏನಿದೆ, ಏನಿಲ್ಲ ಎಂಬುದನ್ನು ಮುಚ್ಚುಮರೆಯಿಲ್ಲದೆ ಹೇಳುವುದು. ಶೆರ್ರಿ ಆರ್ನ್‌ಸ್ಟೈನ್ ಎಂಬ ಅಮೆರಿಕದ ತಜ್ಞೆ 1969ರಲ್ಲಿ ಪ್ರಕಟಿಸಿದ ಲೇಖನವೊಂದರಲ್ಲಿ ನಾಗರಿಕರ ಭಾಗವಹಿಸುವಿಕೆಯನ್ನು ಎಂಟು ಮೆಟ್ಟಿಲುಗಳ ಏಣಿಯಾಗಿ ಚಿತ್ರಿಸಿದರು. ತಳದ ಮೆಟ್ಟಿಲುಗಳಲ್ಲಿ ಜನರನ್ನು ಸುಮ್ಮನೆ ಒಲಿಸಿಕೊಳ್ಳಲಾಗುತ್ತದೆ; ನಡುವೆ ಮಾಹಿತಿ ಕೊಡುವುದು, ಅಭಿಪ್ರಾಯ ಕೇಳುವುದು, ಸಮಾಧಾನಪಡಿಸುವುದು ಬರುತ್ತವೆ; ಮೇಲಿನ ಮೆಟ್ಟಿಲುಗಳಲ್ಲಿ ಮಾತ್ರ ಅಧಿಕಾರ ನಿಜವಾಗಿ ಹಂಚಿಕೆಯಾಗುತ್ತದೆ. ಎಲ್ಲ ವಿಷಯಗಳಲ್ಲೂ ಏಣಿಯ ತುದಿಗೇ ಏರಬೇಕೆಂದು ನಾನು ಹೇಳುವುದಿಲ್ಲ. ವಿದ್ಯುತ್ ತಂತಿಯ ಸುರಕ್ಷತೆ, ಕೊಳೆತು ಬೀಳುವಂತಿರುವ ಮರ, ಗಾಲಿಕುರ್ಚಿ ಸಾಗಲು ಬೇಕಾದ ದಾರಿಯ ಅಗಲ, ಇವುಗಳ ಬಗ್ಗೆ ಮಾಹಿತಿ ಕೊಟ್ಟರೆ ಸಾಕು. ಆದರೆ ಯಾವ ಮೆಟ್ಟಿಲಿನಲ್ಲಿ ನಿಂತು ಕೇಳುತ್ತಿದ್ದೇವೆ ಎಂಬುದು ಕೇಳುವವರಿಗೂ ಹೇಳುವವರಿಗೂ ಗೊತ್ತಿರಬೇಕು. 'ಗುತ್ತಿಗೆಯ ಮೊತ್ತ ನಿಗದಿಯಾಗಿದೆ, ಅದನ್ನು ಬದಲಿಸಲಾಗದು. ಆ ಮೊತ್ತದಲ್ಲಿ ಹೂವಿನ ಮಡಿಗಳು ಎಷ್ಟಿರಬೇಕು, ಆಟದ ಜಾಗಕ್ಕೆ ಎಷ್ಟು ಕೆಲಸ ಮೀಸಲಿಡಬೇಕು ಎಂಬುದನ್ನು ನೀವು ತೀರ್ಮಾನಿಸಬಹುದು. ದೀಪದ ಸಮಯದ ಬಗ್ಗೆ ನಿಮ್ಮ ಅಭಿಪ್ರಾಯ ಪಡೆದು ನಾವು ತೀರ್ಮಾನಿಸುತ್ತೇವೆ' ಎಂದು ಸೂಚನಾ ಫಲಕದಲ್ಲೇ ಬರೆಯಿರಿ. ಕಡಿಮೆ ಕೊಡುತ್ತೇವೆ ಎಂದು ಹೇಳಿ ಅಷ್ಟನ್ನು ಕೊಟ್ಟರೆ ಜನ ಒಪ್ಪುತ್ತಾರೆ. ಎಲ್ಲವೂ ನಿಮ್ಮದೇ ಎಂದು ಹೇಳಿ ಆಮೇಲೆ ಹಿಂದೆಗೆದರೆ ಮುಂದಿನ ಸಲ ಯಾರೂ ಬರುವುದಿಲ್ಲ, ಬರಬೇಕಾದ ಕಾರಣವೂ ಅವರಿಗಿರುವುದಿಲ್ಲ.

ತಾಂತ್ರಿಕ ವಿಷಯಗಳಲ್ಲಿ ಜನರಿಗೆ ಕಾರಣ ಹೇಳಲು ಬೇಸರಪಡಬೇಡಿ. ಮರ ಮನೆಯ ಮೇಲೆ ಬೀಳಬಹುದು, ಅದರ ತಲೆ ಕತ್ತರಿಸಿ ಎಂಬ ಮನವಿ ಪ್ರತಿ ಉದ್ಯಾನದಲ್ಲೂ ಬರುತ್ತದೆ. ಇಲ್ಲ ಎಂದು ಒಂದು ಸಾಲಿನಲ್ಲಿ ಉತ್ತರ ಬರೆದರೆ ಅದು ಉಡಾಫೆಯಂತೆ ಕೇಳಿಸುತ್ತದೆ. ಅದರ ಬದಲು ಮನವಿ ಕೊಟ್ಟವರನ್ನು, ಹಿಂದೆ ಯಾವಾಗಲೋ ತುದಿ ಕತ್ತರಿಸಿದ ಮರವೊಂದರ ಕೆಳಗೆ ಕರೆದುಕೊಂಡು ಹೋಗಿ. ಕತ್ತರಿಸಿದ ಕಡೆಯಿಂದ ಗೊಂಚಲು ಗೊಂಚಲಾಗಿ ಎದ್ದಿರುವ ನೆಟ್ಟನೆಯ ಚಿಗುರುರೆಂಬೆಗಳನ್ನು ತೋರಿಸಿ: ಅವು ಕಾಂಡದ ಒಳಗಿನಿಂದ ಬೆಳೆದವಲ್ಲ, ತೊಗಟೆಯ ಸಮೀಪದಲ್ಲಿ ಹುಟ್ಟಿದವು, ಆದ್ದರಿಂದ ಅವುಗಳ ಹಿಡಿತ ದುರ್ಬಲ. ಕತ್ತರಿಸಿದ ದೊಡ್ಡ ಗಾಯ ಮುಚ್ಚದೆ ಅಲ್ಲಿಂದ ಕೊಳೆತ ಒಳಗಿಳಿದಿರುವುದೂ ಕಾಣಬಹುದು. ಕೆಲವು ವರ್ಷಗಳಲ್ಲಿ ಆ ಮರ ಮೊದಲಿಗಿಂತ ಹೆಚ್ಚು ಅಪಾಯಕಾರಿಯಾಗುತ್ತದೆ, ಪದೇಪದೇ ಸವರಬೇಕಾಗಿ ಖರ್ಚೂ ಹೆಚ್ಚುತ್ತದೆ. ಇದನ್ನು ಕಣ್ಣಾರೆ ಕಂಡವರು ಆಮೇಲೆ ಒಣಗಿದ ರೆಂಬೆಗಳನ್ನಷ್ಟೇ ತೆಗೆದು ಮನೆಯ ಕಡೆಗೆ ಚಾಚಿದ ಒಂದೆರಡನ್ನು ಸರಿಯಾದ ಜಾಗದಲ್ಲಿ ಸವರುವ ಸಲಹೆಗೆ ಸಾಮಾನ್ಯವಾಗಿ ಒಪ್ಪುತ್ತಾರೆ. ಒಪ್ಪದಿದ್ದರೂ, ತಮ್ಮ ಭಯವನ್ನು ಯಾರೋ ಗಂಭೀರವಾಗಿ ಪರಿಗಣಿಸಿದರು ಎಂಬುದು ಅವರಿಗೆ ಗೊತ್ತಿರುತ್ತದೆ.

ಸಭೆಗೆ ಅವರೇ ಬರುತ್ತಾರೆ ಎಂದಿದ್ದೀರಿ. ಸಭೆ ಎಂಬ ಏರ್ಪಾಟೇ ಸ್ವಲ್ಪ ಬಿಡುವು ಇರುವವರನ್ನು, ಮಾತನಾಡಲು ಹಿಂಜರಿಯದವರನ್ನು ಆರಿಸಿಕೊಳ್ಳುತ್ತದೆ. ಉಳಿದವರ ಬಳಿಗೆ ನೀವೇ ಹೋಗಬೇಕು, ಅದಕ್ಕೆ ತಕ್ಕ ಜಾಗ ಉದ್ಯಾನವೇ. ಬೆಳಗಿನ ಜಾವ, ಮಧ್ಯಾಹ್ನ, ಶಾಲೆ ಬಿಡುವ ಹೊತ್ತು, ಮುಸ್ಸಂಜೆ, ರಜಾದಿನ ಹೀಗೆ ಬೇರೆ ಬೇರೆ ಹೊತ್ತಿನಲ್ಲಿ ಒಬ್ಬರು ಉದ್ಯಾನದ ನಕ್ಷೆ ಹಿಡಿದು ಸುತ್ತು ಹಾಕಿ, ಯಾರು ಎಲ್ಲಿ ಕುಳಿತಿದ್ದಾರೆ, ಏನು ಮಾಡುತ್ತಿದ್ದಾರೆ, ಯಾವ ಮೂಲೆಯಲ್ಲಿ ಯಾರೂ ಇಲ್ಲ ಎಂದು ಗುರುತು ಹಾಕಬೇಕು. ಅಮೆರಿಕದ ವಿಲಿಯಂ ವೈಟ್ 1970ರ ದಶಕದಲ್ಲಿ ನ್ಯೂಯಾರ್ಕ್‌ನ ಸಾರ್ವಜನಿಕ ಜಾಗಗಳನ್ನು ಹೀಗೆಯೇ ಗಮನಿಸಿ, ಕ್ಯಾಮೆರಾದಲ್ಲಿ ದಾಖಲಿಸಿ ಅಧ್ಯಯನ ಮಾಡಿದರು. ಒಂದು ಜಾಗದಲ್ಲಿ ಮಹಿಳೆಯರ ಪ್ರಮಾಣ ಎದ್ದು ಕಾಣುವಷ್ಟು ಕಡಿಮೆ ಇದ್ದರೆ ಅಲ್ಲಿ ಏನೋ ಸರಿಯಿಲ್ಲ ಎಂದು ತಿಳಿಯಬೇಕು ಎಂಬ ಅವರ ಮಾತು ಇಂದಿಗೂ ಉಪಯುಕ್ತ ಅಳತೆ.

ಬಾರದವರ ಬಗ್ಗೆ ವಿಚಾರಿಸುವುದರಿಂದ ಏನಾಗಬಹುದು ಎಂಬುದನ್ನು ವಿಯೆನ್ನಾ ನಗರ ತೋರಿಸಿದೆ. 1990ರ ದಶಕದಲ್ಲಿ ಅಲ್ಲಿ ನಡೆದ ಅಧ್ಯಯನದಲ್ಲಿ, ಒಂಬತ್ತು ವರ್ಷ ದಾಟುತ್ತಿದ್ದಂತೆ ಉದ್ಯಾನಗಳಿಗೆ ಬರುವ ಹೆಣ್ಣುಮಕ್ಕಳ ಸಂಖ್ಯೆ ಇಳಿಯುತ್ತದೆ, ಗಂಡುಮಕ್ಕಳದ್ದು ಹಾಗೆ ಇಳಿಯುವುದಿಲ್ಲ ಎಂದು ಕಂಡುಬಂತು. ಹುಡುಗಿಯರು ಯಾವ ದೂರನ್ನೂ ಕೊಟ್ಟಿರಲಿಲ್ಲ. ಬರುವುದನ್ನು ನಿಲ್ಲಿಸಿದ್ದರು, ಅಷ್ಟೇ. ಒಂದೇ ದೊಡ್ಡ ಬಯಲು ಇರುವ ಕಡೆ ಜಾಗಕ್ಕಾಗಿ ಹುಡುಗರೊಡನೆ ಪೈಪೋಟಿ ನಡೆಸಬೇಕಾಗಿ ಬಂದಾಗ ಅವರು ಹಿಂದೆ ಸರಿಯುತ್ತಿದ್ದರು. 1999ರಲ್ಲಿ ಮಾರ್ಗರೆಟೆನ್ ಎಂಬ ಭಾಗದ ಎರಡು ಉದ್ಯಾನಗಳನ್ನು ಬದಲಿಸಿ, ದೊಡ್ಡ ಬಯಲನ್ನು ಗಿಡ ಮತ್ತು ದಾರಿಗಳಿಂದ ಚಿಕ್ಕ ಚಿಕ್ಕ ಭಾಗಗಳಾಗಿ ಮಾಡಿದರು, ವಾಲಿಬಾಲ್ ಮತ್ತು ಬ್ಯಾಡ್ಮಿಂಟನ್‌ಗೆ ಜಾಗ ಮಾಡಿದರು. ಹುಡುಗಿಯರು ಮತ್ತೆ ಬರತೊಡಗಿದರು. ದೂರಿನ ಪುಸ್ತಕವನ್ನು ಮಾತ್ರ ನಂಬಿಕೊಂಡಿದ್ದರೆ ಈ ಸಮಸ್ಯೆ ಎಂದೂ ಬೆಳಕಿಗೆ ಬರುತ್ತಿರಲಿಲ್ಲ.

ಕೇಳುವ ಪ್ರಶ್ನೆಯ ಬಗ್ಗೆಯೂ ಒಂದು ಮಾತು. 'ಉದ್ಯಾನದಲ್ಲಿ ನಿಮಗೆ ಏನು ಬೇಕು' ಎಂದು ಕೇಳಬೇಡಿ. ಬರುವುದು ಈಡೇರಿಸಲಾಗದ ಬೇಡಿಕೆಗಳ ಪಟ್ಟಿ. 'ಯಾವ ಹೊತ್ತಿನಲ್ಲಿ ಬರುತ್ತೀರಿ, ಯಾವ ದಾರಿಯಲ್ಲಿ ನಡೆಯುವುದಿಲ್ಲ, ಕತ್ತಲಾದ ಮೇಲೆ ಎಲ್ಲಿಗೆ ಹೋಗಲು ಅಂಜುತ್ತೀರಿ, ಕುಳಿತುಕೊಳ್ಳಲು ಜಾಗ ಸಿಗದೆ ಹಿಂದಿರುಗಿದ್ದುಂಟೇ' ಎಂದು ಕೇಳಿದರೆ ಬರುವ ಉತ್ತರದಿಂದ ನೇರವಾಗಿ ಕೆಲಸ ಆರಂಭಿಸಬಹುದು. ಮಾಲಿಗಳನ್ನೂ ಕಾವಲುಗಾರರನ್ನೂ ತಪ್ಪದೆ ಕೇಳಿ. ಯಾವ ನಲ್ಲಿ ಸೋರುತ್ತದೆ, ಯಾವ ಬೆಂಚಿನ ಮೇಲೆ ಯಾರು ಪ್ರತಿದಿನ ಕೂರುತ್ತಾರೆ, ಮಳೆ ಬಂದ ಮರುದಿನ ನೀರು ಎಲ್ಲಿ ನಿಲ್ಲುತ್ತದೆ ಎಂಬುದು ಅವರಿಗೆ ಗೊತ್ತಿರುವಷ್ಟು ಬೇರೆ ಯಾರಿಗೂ ಗೊತ್ತಿರುವುದಿಲ್ಲ. ಆದರೂ ಅವರನ್ನು ಸಭೆಯಲ್ಲಿ ಕುರ್ಚಿ ಜೋಡಿಸಲು ಮಾತ್ರ ಕರೆಯುತ್ತಾರೆ ಎಂಬುದು ನನಗೆ ಸದಾ ನೋವು ತಂದ ಸಂಗತಿ.

ಈಗ ನಿಮ್ಮ ಪೊದೆಗಳ ವಿಷಯಕ್ಕೆ ಬರೋಣ. ಪೊದೆ ತೆಗೆಯಿರಿ ಎಂದವರೂ ತೆಗೆದದ್ದೇಕೆ ಎಂದವರೂ ನಿಜವನ್ನೇ ಹೇಳುತ್ತಿದ್ದರು. ದಾರಿಯ ಪಕ್ಕದ ದಟ್ಟ ಪೊದೆಯ ಹಿಂದೆ ಯಾರಿದ್ದಾರೆಂದು ಕಾಣದಿದ್ದರೆ ಅಲ್ಲಿ ಒಂಟಿಯಾಗಿ ನಡೆಯುವವರಿಗೆ ಭಯವಾಗುತ್ತದೆ. ನ್ಯೂಯಾರ್ಕ್‌ನ ಬ್ರಯಂಟ್ ಪಾರ್ಕ್ ಬಹುಕಾಲ ಜನ ಹೋಗಲು ಹೆದರುವ ಜಾಗವಾಗಿತ್ತು. ಹೊರಗಿನಿಂದ ಒಳಗೆ ಕಾಣದಂತೆ ಬೆಳೆದಿದ್ದ ಬೇಲಿಗಿಡಗಳನ್ನು ತೆಗೆದು, ಪ್ರವೇಶಗಳನ್ನು ಅಗಲ ಮಾಡಿ, ಎತ್ತಿ ಬೇಕಾದಲ್ಲಿ ಹಾಕಿಕೊಳ್ಳಬಹುದಾದ ಕುರ್ಚಿಗಳನ್ನು ಇಟ್ಟು 1992ರಲ್ಲಿ ಮತ್ತೆ ತೆರೆದ ಮೇಲೆ ಅದರ ಸ್ವರೂಪವೇ ಬದಲಾಯಿತು. ಇನ್ನೊಂದು ಕಡೆ, ಅದೇ ಪೊದೆ ಸಣ್ಣ ಹಕ್ಕಿಗಳ ಗೂಡು, ರಸ್ತೆಯ ಧೂಳಿಗೆ ತಡೆ, ಎದುರು ಮನೆಯವರಿಗೆ ಹಸಿರು ಮರೆ. ಹೀಗೆ ಎರಡು ನ್ಯಾಯವಾದ ಅಗತ್ಯಗಳು ಎದುರಾದಾಗ ಕೈ ಎತ್ತಿಸಿ ಎಣಿಸುವುದರಿಂದ ಪ್ರಯೋಜನವಿಲ್ಲ. ಸೋತವರ ಅಗತ್ಯ ಮಾಯವಾಗುವುದಿಲ್ಲ. ತೆಗೆಯಬೇಕೆಂದಿರುವ ಗಿಡಗಳಿಗೆ ಬಣ್ಣದ ಪಟ್ಟಿ ಕಟ್ಟಿ, ಪಕ್ಕದಲ್ಲೇ ಏನು ಮಾಡಬೇಕೆಂದಿದ್ದೇವೆ, ಏಕೆ, ಯಾರಿಗೆ ಹೇಳಬೇಕು, ಯಾವ ದಿನದೊಳಗೆ ಎಂದು ಬರೆದ ಫಲಕವನ್ನು ಎರಡು ಮೂರು ವಾರ ನಿಲ್ಲಿಸಿದ್ದರೆ, ಸಭೆಗೆ ಬಾರದಿದ್ದ ಬಹಳ ಮಂದಿ ಅಲ್ಲೇ ನಿಂತು ಓದಿ ಮಾತನಾಡುತ್ತಿದ್ದರು. ಆಗ ಮಧ್ಯದ ದಾರಿಗಳೂ ಕಾಣುತ್ತಿದ್ದವು: ದಾರಿಯಂಚಿನ ಪೊದೆಗಳನ್ನು ಮೊಣಕಾಲೆತ್ತರಕ್ಕೆ ಇಳಿಸಿ, ದಾರಿಯಿಂದ ದೂರವಿರುವ ದಟ್ಟಣೆಯನ್ನು ಹಾಗೇ ಬಿಡುವುದು, ಗೂಡು ಕಟ್ಟುವ ಕಾಲ ಮುಗಿಯುವವರೆಗೆ ಕಾಯುವುದು, ಮೊದಲು ಒಂದು ತುಂಡಿನಲ್ಲಿ ಮಾತ್ರ ಮಾಡಿ ನೋಡುವುದು. ಈ ಕೊನೆಯ ಉಪಾಯದ ಬಗ್ಗೆ ನನಗೆ ವಿಶೇಷ ಒಲವಿದೆ. ಹಿಂದೆಗೆದುಕೊಳ್ಳಬಹುದಾದ ಬದಲಾವಣೆಯನ್ನು ಒಂದು ಋತುವಿನ ಮಟ್ಟಿಗೆ ಮಾಡಿ ತೋರಿಸಿದರೆ, ಕಾಗದದ ಮೇಲಿನ ವಾದ ಕಣ್ಣೆದುರಿನ ಅನುಭವಕ್ಕೆ ದಾರಿ ಬಿಡುತ್ತದೆ.

ಕಾಯಂ ಸಮಿತಿಯೊಂದು ಬೇಕೇ ಎಂದು ನೀವು ಮುಂದೆ ಕೇಳುತ್ತೀರಿ. ಬೇಕು, ಆದರೆ ಅದರ ಮಿತಿಗಳನ್ನು ತಿಳಿದು ರಚಿಸಬೇಕು. ಕಾಡು, ಮೀನುಗಾರಿಕೆ, ನೀರಾವರಿ ಮುಂತಾದ ಸಾಮೂಹಿಕ ಸಂಪನ್ಮೂಲಗಳನ್ನು ಜನರೇ ಹೇಗೆ ದೀರ್ಘಕಾಲ ಕಾಪಾಡಿಕೊಂಡು ಬಂದರು ಎಂಬುದನ್ನು ಅಧ್ಯಯನ ಮಾಡಿದ ಎಲಿನಾರ್ ಆಸ್ಟ್ರಮ್, ಅದಕ್ಕಾಗಿ 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪ್ರಶಸ್ತಿ ಪಡೆದ ಮೊದಲ ಮಹಿಳೆಯಾದರು. ನಿಯಮಗಳು ಆಯಾ ಜಾಗಕ್ಕೆ ಹೊಂದುವಂತಿರಬೇಕು, ನಿಯಮಕ್ಕೆ ಒಳಪಡುವವರಿಗೆ ಅದನ್ನು ಬದಲಿಸುವುದರಲ್ಲಿ ಪಾಲಿರಬೇಕು, ಮೇಲ್ವಿಚಾರಣೆ ಮಾಡುವವರು ಬಳಸುವವರಿಗೆ ಉತ್ತರ ಹೇಳುವಂತಿರಬೇಕು, ತಪ್ಪಿಗೆ ಶಿಕ್ಷೆ ಸಣ್ಣದರಿಂದ ಆರಂಭವಾಗಬೇಕು, ಜಗಳ ತೀರಿಸಲು ಹತ್ತಿರದ, ಖರ್ಚಿಲ್ಲದ ಏರ್ಪಾಟು ಬೇಕು ಎಂದು ಅವರು ಕಂಡುಕೊಂಡ ತತ್ವಗಳು ನಿಮ್ಮ ಸಮಿತಿಗೂ ಸಲ್ಲುತ್ತವೆ. ಆದರೆ ಒಂದು ವ್ಯತ್ಯಾಸವನ್ನು ಮರೆಯಬಾರದು. ಅವರು ನೋಡಿದ ಹಲವು ವ್ಯವಸ್ಥೆಗಳಲ್ಲಿ ಬಳಕೆದಾರರು ಯಾರೆಂಬುದು ಗೊತ್ತಾಗಿತ್ತು, ಹೊರಗಿನವರನ್ನು ಹೊರಗಿಡಬಹುದಾಗಿತ್ತು. ಸಾರ್ವಜನಿಕ ಉದ್ಯಾನಕ್ಕೆ ಯಾರು ಬೇಕಾದರೂ ಬರಬಹುದು, ಬರಬೇಕು ಕೂಡ. ಅದರ ಸುತ್ತ ಮನೆ ಇರುವವರು ಅದರ ನೆರೆಯವರು, ಮಾಲೀಕರಲ್ಲ.

ಈ ಮಾತನ್ನು ಒತ್ತಿ ಹೇಳಲು ಕಾರಣವಿದೆ. ನೆರೆಯವರ ಸಮಿತಿಗಳು ಕಾಲಕ್ರಮದಲ್ಲಿ ಉದ್ಯಾನವನ್ನು ತಮಗೆ ಮಾತ್ರ ಒಗ್ಗುವಂತೆ ಬಿಗಿಗೊಳಿಸುವ ಅಪಾಯ ನಿಜವಾದದ್ದು. ಮಕ್ಕಳ ಆಟ ಗದ್ದಲವೆನ್ನಿಸುತ್ತದೆ, ಫಲಕ ಬರುತ್ತದೆ. ಮಧ್ಯಾಹ್ನ ಬೆಂಚಿನ ಮೇಲೆ ಮಲಗುವ ಕೂಲಿಯವರು ಕಣ್ಣಿಗೆ ಚುಚ್ಚುತ್ತಾರೆ, ಬೆಂಚಿನ ನಡುವೆ ಕಬ್ಬಿಣದ ಕೈಪಟ್ಟಿ ಬರುತ್ತದೆ. ಬೇರೆ ಕಡೆಯ ಹುಡುಗರು ಬರುತ್ತಾರೆ, ಗೇಟಿಗೆ ಬೀಗ ಬರುತ್ತದೆ. ಪ್ರತಿಯೊಂದೂ ಸಣ್ಣ ನಿರ್ಣಯ, ಪ್ರತಿಯೊಂದಕ್ಕೂ ಸಭೆಯ ನಡಾವಳಿಯಲ್ಲಿ ಒಮ್ಮತವಿರುತ್ತದೆ. ಆದ್ದರಿಂದ ಯಾರನ್ನೂ ಹೊರಗಿಡುವ ಪರಿಣಾಮವುಳ್ಳ ತೀರ್ಮಾನ ಸಮಿತಿಯ ವ್ಯಾಪ್ತಿಗೆ ಬರುವುದಿಲ್ಲ ಎಂಬುದನ್ನು ಮೊದಲ ದಿನವೇ ಬರೆದಿಡಿ. ಅಂಥ ವಿಷಯದ ಹೊಣೆ ನಿಮ್ಮ ಸಂಸ್ಥೆಯದ್ದೇ ಆಗಿರಬೇಕು. ಸದಸ್ಯತ್ವಕ್ಕೆ ಅವಧಿ ಇರಲಿ, ಪ್ರತಿ ವರ್ಷ ಒಂದಷ್ಟು ಮಂದಿ ಬದಲಾಗಲಿ. ಆಟಕ್ಕೆ ಬರುವವರ ಕಡೆಯಿಂದ ಒಬ್ಬರು, ದೂರದಿಂದ ಬರುವವರ ಕಡೆಯಿಂದ ಒಬ್ಬರು, ನಡೆಯಲು ಕಷ್ಟವಿರುವವರ ಕಡೆಯಿಂದ ಒಬ್ಬರು ಇರಲೇಬೇಕೆಂಬ ನಿಯಮ ಮಾಡಿ.

ಭಾಗವಹಿಸುವಿಕೆ ಎಂದರೆ ಶ್ರಮದಾನ ಎಂದು ತಿಳಿಯುವುದೂ ಬಹಳ ಕಡೆ ಕಾಣುತ್ತದೆ. ರಜಾದಿನ ಒಟ್ಟಾಗಿ ಕಸ ಹೆಕ್ಕುವುದು, ಸಸಿ ನೆಡುವುದು ಒಳ್ಳೆಯದೇ. ಅದರಿಂದ ಪರಿಚಯ ಬೆಳೆಯುತ್ತದೆ. ಆದರೆ ನಿರ್ಧಾರದಲ್ಲಿ ಪಾಲು ಕೊಡದೆ ಕೆಲಸದಲ್ಲಿ ಮಾತ್ರ ಪಾಲು ಕೇಳಿದರೆ ಅದು ನಿರ್ವಹಣೆಯ ಖರ್ಚನ್ನು ಜನರ ಮೇಲೆ ಹಾಕಿದಂತೆ. ಬಿಡುವು ಮತ್ತು ಹಣ ಇರುವ ಬಡಾವಣೆಯ ಉದ್ಯಾನ ನಳನಳಿಸಿ, ಇಲ್ಲದ ಕಡೆಯದು ಸೊರಗುವುದಕ್ಕೂ ಅದು ದಾರಿ. ನ್ಯೂಯಾರ್ಕ್‌ನ ಸೆಂಟ್ರಲ್ ಪಾರ್ಕ್‌ಗಾಗಿ 1980ರಲ್ಲಿ ರಚನೆಯಾದ ಸಂಸ್ಥೆ ದಾನಿಗಳ ನೆರವಿನಿಂದ ಆ ಉದ್ಯಾನವನ್ನು ಪುನಃ ಚೇತರಿಸುವಂತೆ ಮಾಡಿದ್ದು ನಿಜ, ಆದರೆ ಅಂಥ ದಾನಿಗಳು ಎಲ್ಲ ಉದ್ಯಾನಗಳ ಸುತ್ತ ಇರುವುದಿಲ್ಲ. ಆ ಸಂಸ್ಥೆಯಿಂದ ಎಲ್ಲರೂ ಕಲಿಯಬಹುದಾದ ಸಂಗತಿ ಬೇರೆ: ಅವರು ಉದ್ಯಾನವನ್ನು 49 ವಲಯಗಳಾಗಿ ವಿಂಗಡಿಸಿ ಒಂದೊಂದಕ್ಕೂ ಹೊಣೆಗಾರ ತೋಟಗಾರರನ್ನು ನೇಮಿಸಿದರು. ನಿಮ್ಮ ಉದ್ಯಾನ ಎಷ್ಟು ಚಿಕ್ಕದಿದ್ದರೂ, ಈ ಭಾಗವನ್ನು ನೋಡಿಕೊಳ್ಳುವವರು ಇವರು ಎಂದು ಬರುವವರಿಗೆ ಗೊತ್ತಿದ್ದರೆ ಅರ್ಧದಷ್ಟು ದೂರುಗಳು ಅಲ್ಲೇ, ಮಾತಿನಲ್ಲೇ ಬಗೆಹರಿಯುತ್ತವೆ.

ಗುತ್ತಿಗೆಯ ಭಾಷೆಯಲ್ಲಿಯೇ ನಿವಾಸಿಗಳಿಗೆ ಜಾಗ ಮಾಡಿಕೊಡುವುದು ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಫಲದಾಯಕವಾದ ಹೆಜ್ಜೆ. ತಿಂಗಳಿಗೆ ಎರಡು ಸಲ ಹುಲ್ಲು ಕತ್ತರಿಸತಕ್ಕದ್ದು ಎಂದು ಬರೆದರೆ, ಹುಲ್ಲು ಬೆಳೆಯದ ಕಾಲದಲ್ಲೂ ಯಂತ್ರ ಓಡುತ್ತದೆ, ಮಳೆಗಾಲದಲ್ಲಿ ಅದು ಸಾಲದಾಗುತ್ತದೆ, ಕೆಲಸ ಆಯಿತೋ ಇಲ್ಲವೋ ಎಂಬುದು ಗುತ್ತಿಗೆದಾರರ ಪುಸ್ತಕಕ್ಕೆ ಮಾತ್ರ ಗೊತ್ತಿರುತ್ತದೆ. ಅದರ ಬದಲು, ಆಟದ ಜಾಗದ ಹುಲ್ಲು ಸದಾ ಇಷ್ಟು ಅಂಗುಲದಿಂದ ಇಷ್ಟು ಅಂಗುಲದೊಳಗೆ ಇರತಕ್ಕದ್ದು, ಕಸದ ತೊಟ್ಟಿ ಎಂದೂ ತುಂಬಿ ಚೆಲ್ಲಕೂಡದು, ಮುರಿದ ಬೆಂಚು ಇಷ್ಟು ದಿನದೊಳಗೆ ದುರಸ್ತಿಯಾಗತಕ್ಕದ್ದು, ಮರದ ಬುಡಕ್ಕೆ ತರಗೆಲೆ ಹೊದಿಸುವಾಗ ಅದು ಕಾಂಡಕ್ಕೆ ತಾಗದಂತೆ ಒಂದು ಗೇಣು ಬಿಡತಕ್ಕದ್ದು ಎಂದು ಬರೆದರೆ, ಶಾಲೆಯ ಅಳತೆಪಟ್ಟಿ ಹಿಡಿದ ಯಾವ ನಿವಾಸಿಯೂ ಅದನ್ನು ಪರೀಕ್ಷಿಸಬಹುದು. ತಿಂಗಳಿಗೊಮ್ಮೆ ನಿಮ್ಮ ವಿಭಾಗದವರು, ಗುತ್ತಿಗೆದಾರರು, ಇಬ್ಬರು ಮೂವರು ನಿವಾಸಿಗಳು ಒಟ್ಟಿಗೆ ಸುತ್ತು ಹಾಕಿ ಒಂದೇ ಹಾಳೆಯಲ್ಲಿ ಅಂಕ ಹಾಕಲಿ, ಬಿಲ್ಲಿನ ಒಂದು ಪಾಲು ಆ ಅಂಕಕ್ಕೆ ಕಟ್ಟಿಬೀಳಲಿ. ಜೊತೆಗೆ, ಒಟ್ಟು ಮೊತ್ತ ಮೀರದಂತೆ ಪ್ರತಿ ವರ್ಷ ಒಂದಿಷ್ಟು ಕೆಲಸವನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಬದಲಾಯಿಸಬಹುದು ಎಂಬ ಷರತ್ತನ್ನು ಸೇರಿಸಿ. ಆ ಷರತ್ತು ಇಲ್ಲದಿದ್ದರೆ ಸಮಿತಿ ಎಷ್ಟೇ ಒಳ್ಳೆಯ ನಿರ್ಣಯ ಮಾಡಿದರೂ ಅದನ್ನು ಜಾರಿಗೆ ತರುವ ದಾರಿ ನಿಮಗಿರುವುದಿಲ್ಲ.

ಕೊನೆಗೆ, ಕೇಳಿದ ಮೇಲೆ ಉತ್ತರ ಕೊಡಬೇಕು. ಗೇಟಿನ ಬಳಿ ಒಂದು ಫಲಕದಲ್ಲಿ, ಜನ ಹೇಳಿದ್ದು ಏನು, ನಾವು ಮಾಡುವುದು ಏನು, ಯಾವಾಗ, ಮಾಡದಿರುವುದು ಯಾವುದು, ಏಕೆ ಎಂದು ಬರೆಯಿರಿ. ನಿರಾಕರಿಸಿದ್ದನ್ನೂ ಕಾರಣಸಹಿತ ಬರೆಯುವ ಧೈರ್ಯವಿರಲಿ. ವಾಟ್ಸಾಪ್ ಗುಂಪು ತುರ್ತು ಸುದ್ದಿಗೆ ಸಾಕು, ತೀರ್ಮಾನಕ್ಕೆ ಸಾಲದು. ಅಲ್ಲಿ ಹೆಚ್ಚು ಸಲ ಬರೆದವರ ಮಾತು ಹೆಚ್ಚು ಮಂದಿಯ ಮಾತಿನಂತೆ ಕಾಣುತ್ತದೆ.

ಪೊದೆಯ ವಿಷಯದಲ್ಲಿ ಪ್ರತಿಭಟಿಸಿದವರನ್ನು ದೂರ ಇಡಬೇಡಿ. ಉದ್ಯಾನದ ಒಂದು ಬದಿಯಲ್ಲಿ ಆದ ಬದಲಾವಣೆಯನ್ನು ತಕ್ಷಣ ಗಮನಿಸಿ ಕೇಳಲು ಬಂದವರು ಅವರು. ಮೊದಲ ಜಂಟಿ ಸುತ್ತಿಗೆ ಕರೆಯಬೇಕಾದವರೂ ಅವರೇ, ಹಿಂದಿನ ಸಭೆಗಳಿಗೆ ಬಂದವರ ಜೊತೆಯಲ್ಲಿ. ಅಂದು ಆ ಖಾಲಿಯಾದ ಬದಿಯಲ್ಲಿ ಮುಂದೇನು ನೆಡಬೇಕು ಎಂಬ ಒಂದೇ ಪ್ರಶ್ನೆಯನ್ನು ಎತ್ತಿಕೊಳ್ಳಿ, ನಿಮ್ಮ ಕೈಯಲ್ಲಿರುವ ಹಣ ಎಷ್ಟೆಂಬುದನ್ನು ಹೇಳಿ, ತೀರ್ಮಾನವನ್ನು ಅವರಿಗೇ ಬಿಡಿ. ನಿಮ್ಮ ಗುತ್ತಿಗೆ ಮುಗಿಯಲು ಇನ್ನೂ ಕೆಲವು ತಿಂಗಳುಗಳಿದ್ದರೆ, ಹೊಸ ಕರಡನ್ನು ಅದೇ ಗುಂಪಿನ ಮುಂದೆ ಓದಿ ಹೇಳಲು ಇದೇ ತಕ್ಕ ಸಮಯ.